ಕ್ರೀಡಾಂಗಣಗಳಿಗೆ ಹೆಸರಿಡುವ ಮಹನೀಯರಿಗೊಂದು ಬಹಿರಂಗ ಪತ್ರ

ಮಹಾಮಹಿಮರಾದ ನಾಮಕರಣಕರ್ತರ ಸನ್ನಿಧಿಗೆ,

ತಾವು ಒಬ್ಬರಲ್ಲ, ಒಂದು ಊರಿನವರೂ ಅಲ್ಲ ಎಂಬುದನ್ನು ಬಲ್ಲೆ. ಒಂದು ಕಡೆ ತಾವು ಕ್ಲಬ್ಬಿನ ಮಾಲೀಕರು, ಇನ್ನೊಂದು ಕಡೆ ಕ್ರಿಕೆಟ್ ಸಂಸ್ಥೆಯ ಪದಾಧಿಕಾರಿಗಳು, ಮತ್ತೊಂದು ಕಡೆ ಸರ್ಕಾರ ಅಥವಾ ಬ್ಯಾಂಕಿನ ಜಾಹೀರಾತು ವಿಭಾಗ. ಆದರೂ ಲೋಕದ ಯಾವ ಗೇಟಿನ ಮೇಲೆ ಹೊಸ ಬೋರ್ಡು ಏರಿದರೂ ಅದು ಒಂದೇ ಕೈ ಬರೆದಂತೆ ಕಾಣುವುದರಿಂದ ತಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಟಿಕೆಟ್ ಕೊಂಡು, ಬಿಸಿಲಲ್ಲಿ ಕೂತು, ಗಂಟಲು ಹರಿಯುವವರೆಗೆ ಕೂಗಿ ಮನೆಗೆ ಹೋಗುವ ಸಾಮಾನ್ಯರ ಕಡೆಯವನು ನಾನು. ದಯವಿಟ್ಟು ಪೂರ್ತಿ ಓದಬೇಕು.

ಮೊದಲು ತಮ್ಮ ಅವಿರತ ಶ್ರಮಕ್ಕೆ ವಂದನೆ. ಅಮೆರಿಕದ ಮಯಾಮಿ ಹತ್ತಿರ ಜೋ ರಾಬಿ ಎಂಬಾತ, ತಾನು ಕಟ್ಟಿದ ಡಾಲ್ಫಿನ್ಸ್ ತಂಡಕ್ಕಾಗಿ, ಬಹುಪಾಲು ಖಾಸಗಿ ಹಣದಿಂದಲೇ ಒಂದು ಕ್ರೀಡಾಂಗಣ ಎಬ್ಬಿಸಿದರು. 1987ರಲ್ಲಿ ಅದು ತೆರೆದಾಗ ಅವರದೇ ಹೆಸರಿತ್ತು. 1990ರಲ್ಲಿ ಅವರು ತೀರಿಕೊಂಡರು. 1996ರ ಹೊತ್ತಿಗೆ ತಾವು ಆ ಹೆಸರನ್ನು ಇಳಿಸಿ ಪ್ರೋ ಪ್ಲೇಯರ್ ಎಂಬ ಬಟ್ಟೆಯ ಬ್ರ್ಯಾಂಡನ್ನು ಏರಿಸಿದಿರಿ. ಆಮೇಲೆ ಡಾಲ್ಫಿನ್ಸ್ ಸ್ಟೇಡಿಯಂ, ಡಾಲ್ಫಿನ್ ಸ್ಟೇಡಿಯಂ, 2009ರಲ್ಲಿ ಲ್ಯಾಂಡ್ ಶಾರ್ಕ್ ಎಂಬ ಬಿಯರು, 2010ರಲ್ಲಿ ಸನ್ ಲೈಫ್ ಎಂಬ ವಿಮೆ, 2016ರಲ್ಲಿ ಹಾರ್ಡ್ ರಾಕ್. ಕಟ್ಟಡ ಇದ್ದಲ್ಲಿಯೇ ಇದೆ. ಅಪ್ಪ ಕಂಡ ಪಂದ್ಯ ಮತ್ತು ಮಗಳು ಕಂಡ ಪಂದ್ಯ ಒಂದೇ ಅಂಗಳದಲ್ಲಿ ನಡೆದವು ಎಂದು ಹೇಳಲು ಮಾತ್ರ ಆ ಮನೆಯವರು ಇಷ್ಟೂ ಹೆಸರುಗಳನ್ನು ಬಾಯಿಪಾಠ ಮಾಡಬೇಕು. ಕೈಯಿಂದ ಹಣ ಹಾಕಿ ಕಟ್ಟಿದವನಿಗೆ ತಾವು ಕೊಟ್ಟ ಆಯುಷ್ಯ ಒಂಬತ್ತು ವರ್ಷ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ, ಕ್ಷಮಿಸಬೇಕು.

ತಮ್ಮ ವ್ಯವಹಾರಜ್ಞಾನಕ್ಕೂ ತಲೆಬಾಗಬೇಕು. ಹ್ಯೂಸ್ಟನ್‌ನ ಬೇಸ್‌ಬಾಲ್ ಮೈದಾನದ ಮೇಲೆ ಮೂವತ್ತು ವರ್ಷ ಎನ್ರಾನ್ ಎಂಬ ಹೆಸರಿರಲೆಂದು ಹತ್ತು ಕೋಟಿ ಡಾಲರಿಗೆ ಮಾತಾಯಿತು. ಮೈದಾನ ತೆರೆದದ್ದು 2000ದಲ್ಲಿ. 2001ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿಯೆದ್ದಿತು. ಉಳಿತಾಯವನ್ನೆಲ್ಲ ಕಳೆದುಕೊಂಡ ನೌಕರರಿದ್ದ ಊರಿನಲ್ಲೇ ಆ ಹೆಸರು ಗೋಪುರದ ಮೇಲೆ ಹೊಳೆಯುತ್ತಿತ್ತು, ಅದನ್ನು ಇಳಿಸುವ ಹಕ್ಕಿಗಾಗಿ ತಂಡದವರೇ 21 ಲಕ್ಷ ಡಾಲರ್ ತೆತ್ತರು. ಇಷ್ಟಾದ ಮೇಲಾದರೂ ಎಚ್ಚರ ಬರಬೇಕಿತ್ತಲ್ಲವೆ? 2021ರಲ್ಲಿ ಮಯಾಮಿಯ ಬ್ಯಾಸ್ಕೆಟ್‌ಬಾಲ್ ಅಂಗಣವನ್ನು ಹತ್ತೊಂಬತ್ತು ವರ್ಷಕ್ಕೆಂದು 13.5 ಕೋಟಿ ಡಾಲರಿಗೆ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಗೆ ಬರೆದುಕೊಟ್ಟಿರಿ. 2022ರ ನವೆಂಬರಿನಲ್ಲಿ ಅದೂ ದಿವಾಳಿ. ಆ ಅಂಗಣ ಜಿಲ್ಲಾಡಳಿತದ್ದು, ಅಂದರೆ ಸಾರ್ವಜನಿಕರದ್ದು.

ಹಣ ಬೇಡ ಎನ್ನುವುದಿಲ್ಲ. ಹುಲ್ಲು ಬೆಳೆಸಲು, ದೀಪ ಉರಿಸಲು, ಕಿರಿಯರ ತಂಡ ಸಾಕಲು ದುಡ್ಡು ಬೇಕೆಂಬುದು ಗೊತ್ತು. ಜೆರ್ಸಿಯ ಎದೆ, ತೋಳು, ಬೌಂಡರಿಯ ಹಲಗೆ, ಸ್ಟಂಪು, ಮರುಪ್ರಸಾರದ ಪರದೆ ಎಲ್ಲವನ್ನೂ ಮಾರಿದಿರಿ. ನಾವು ತಕರಾರು ಮಾಡಲಿಲ್ಲ. ಟೋಕಿಯೊ ಸ್ಟೇಡಿಯಂ 2003ರಲ್ಲಿ ಅಜಿನಮೊಟೊ ಸ್ಟೇಡಿಯಂ ಆಯಿತು, ಇಂಗ್ಲೆಂಡಿನ ಯಾರ್ಕ್ ನಗರದ ಹಳೆಯ ಫುಟ್‌ಬಾಲ್ ಮೈದಾನ ಕೆಲವು ವರ್ಷ ಕಿಟ್‌ಕ್ಯಾಟ್ ಕ್ರೆಸೆಂಟ್ ಆಗಿತ್ತು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಅಂಗಣಕ್ಕಂತೂ 2000ದಿಂದ 2018ರೊಳಗೆ ಕಲೋನಿಯಲ್, ಟೆಲ್‌ಸ್ಟ್ರಾ, ಎತಿಹಾದ್, ಮಾರ್ವೆಲ್ ಎಂದು ನಾಲ್ಕು ಹೆಸರು. ಗೇಟಿನ ಮೇಲಿನ ಒಂದು ಹೆಸರನ್ನಾದರೂ ಊರಿಗೆ ಬಿಡಬಹುದಿತ್ತು.

ಈ ಹೆಸರುಗಳು ಅಷ್ಟೇನೂ ಗಟ್ಟಿಯಲ್ಲ ಎಂಬುದನ್ನು ತೋರಿಸಿಕೊಟ್ಟಿದ್ದಕ್ಕೂ ಋಣಿ. 2026ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಹಾರ್ಡ್ ರಾಕ್ ಇದ್ದದ್ದು ಮಯಾಮಿ ಸ್ಟೇಡಿಯಂ ಆಯಿತು, ಮೆಟ್‌ಲೈಫ್ ಇದ್ದದ್ದು ನ್ಯೂಯಾರ್ಕ್ ನ್ಯೂಜೆರ್ಸಿ ಸ್ಟೇಡಿಯಂ ಆಯಿತು. ಯುರೋಪಿನ ಕ್ಲಬ್ ಪಂದ್ಯಗಳಿಗಾಗಿ ಮ್ಯೂನಿಕ್‌ನ ಅಲಿಯಾಂಝ್ ಅರೇನಾ ಕೂಡ ಆ ಹೆಸರನ್ನು ಕಳಚಿಟ್ಟು ಮ್ಯೂನಿಕ್ ಫುಟ್‌ಬಾಲ್ ಅಂಗಣವಾಗುತ್ತದೆ. ಫಿಫಾ ಮತ್ತು ಯುಇಎಫ್‌ಎ ಊರಿನ ಮೇಲಿನ ಪ್ರೀತಿಯಿಂದ ಇದನ್ನು ಮಾಡುತ್ತಿಲ್ಲ. ತಮ್ಮ ಪ್ರಾಯೋಜಕರಿಗೆ ಪೈಪೋಟಿ ಬರಬಾರದೆಂಬ ಲೆಕ್ಕ ಅದು. ಆದರೂ ಜಾಹೀರಾತಿನ ಹೆಸರನ್ನು ಮುಚ್ಚಿದಾಗ ಕೆಳಗಿನಿಂದ ಊರಿನ ಹೆಸರು ಎದ್ದು ಬರುತ್ತದೆ. ಅದನ್ನು ಕಾಣಲು ಕೋಟ್ಯಂತರ ಜನರ ವಿಶ್ವಕಪ್ಪೇ ಬರಬೇಕೆ?

ಜನ ಸುಮ್ಮನಿದ್ದಾರೆಂದು ತಾವು ಭಾವಿಸಿದ್ದರೆ ಒಂದೆರಡು ಸಂಗತಿ ವಿನಯದಿಂದ ನೆನಪಿಸುತ್ತೇನೆ. ನ್ಯೂಕ್ಯಾಸಲ್ ಯುನೈಟೆಡ್ 1892ರಿಂದ ಆಡುತ್ತಿರುವ ಸೇಂಟ್ ಜೇಮ್ಸ್ ಪಾರ್ಕನ್ನು 2011ರ ನವೆಂಬರಿನಲ್ಲಿ ಮಾಲೀಕರು ತಮ್ಮದೇ ಅಂಗಡಿ ಸರಣಿಯ ಹೆಸರಿನಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಅರೇನಾ ಎಂದರು. ಅಭಿಮಾನಿಗಳು ಒಪ್ಪಲಿಲ್ಲ, ಬಾಯಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡರು. ವರ್ಷ ತುಂಬುವ ಮೊದಲೇ ಹೊಸ ಪ್ರಾಯೋಜಕರಾಗಿ ಬಂದ, ದುಬಾರಿ ಬಡ್ಡಿಯ ಸಾಲ ಕೊಡುವ ಕಂಪನಿಯೊಂದು ಹಳೆಯ ಹೆಸರನ್ನು ವಾಪಸ್ ಕೊಡಿಸಿ ಜನರ ಮನ ಗೆಲ್ಲಲು ನೋಡಿತು. ಬಡ್ಡಿ ವ್ಯಾಪಾರಿಗೆ ಅರ್ಥವಾದದ್ದು ಕ್ಲಬ್ಬಿನ ಒಡೆಯರಿಗೆ ಅರ್ಥವಾಗಲಿಲ್ಲ. ಹ್ಯಾಂಬರ್ಗಿನ ಫೋಕ್ಸ್‌ಪಾರ್ಕ್ ಅಂಗಣವೂ ಹದಿನಾಲ್ಕು ವರ್ಷದಲ್ಲಿ ಮೂರು ಕಂಪನಿಗಳ ಹೆಸರು ಹೊತ್ತು ಬಳಲಿ, 2015ರಲ್ಲಿ ಶ್ರೀಮಂತ ಅಭಿಮಾನಿಯೊಬ್ಬರು ಹಕ್ಕು ಕೊಂಡುಕೊಂಡ ಮೇಲೆ ಸ್ವಂತ ಹೆಸರಿಗೆ ಮರಳಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2004ರಲ್ಲಿ ಮತದಾನವೇ ನಡೆಯಿತು: ಕರಾರು ಮುಗಿದ ಮೇಲೆ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಎಂಬ ಹೆಸರೇ ಇರಲಿ ಎಂದು ನಾಗರಿಕರು ತೀರ್ಪು ಕೊಟ್ಟರು.

ಕಂಪನಿ ಬೇಡವೆಂದರೆ ರಾಜಕಾರಣವನ್ನು ತರುವ ತಮ್ಮ ಔದಾರ್ಯ ಇನ್ನೂ ದೊಡ್ಡದು. ಲಾಹೋರ್ ಸ್ಟೇಡಿಯಂಗೆ 1974ರಲ್ಲಿ ಲಿಬಿಯಾದ ಗಡಾಫಿಯ ಹೆಸರಿಟ್ಟಿರಿ. ಅವರ ಆಳ್ವಿಕೆ ಮುಗಿಯಿತು, 2011ರಲ್ಲಿ ಅವರೂ ಮುಗಿದರು. 2025ರಲ್ಲಿ ನವೀಕರಿಸಿ ತೆರೆದಾಗಲೂ ಹೆಸರು ಅದೇ. ನಮ್ಮ ದೇಶದಲ್ಲಿ ದೆಹಲಿ, ಚೆನ್ನೈ, ಕೊಚ್ಚಿ, ಗುವಾಹಟಿ, ಶಿಲ್ಲಾಂಗ್, ಗೋವಾದ ಫಾತೋರ್ಡಾ, ಎಲ್ಲಿ ನೋಡಿದರೂ ಜವಾಹರಲಾಲ್ ನೆಹರು ಸ್ಟೇಡಿಯಂ. ನಮ್ಮ ಶಿವಮೊಗ್ಗ, ಹುಬ್ಬಳ್ಳಿಗಳಲ್ಲೂ ನೆಹರು ಅವರೇ. ಪಕ್ಷ ಬದಲಾದಾಗ ಪದ್ಧತಿ ಬದಲಾದೀತೆಂದು ಕಾದವರಿಗೆ 2019ರಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾ ಕ್ರೀಡಾಂಗಣ ಅರುಣ್ ಜೇಟ್ಲಿ ಸ್ಟೇಡಿಯಂ ಆಗಿ, 2021ರಲ್ಲಿ ಅಹಮದಾಬಾದಿನ ಮೊಟೇರಾ ನರೇಂದ್ರ ಮೋದಿ ಸ್ಟೇಡಿಯಂ ಆಗಿ ಉತ್ತರ ಸಿಕ್ಕಿತು. ಮೊಟೇರಾದಲ್ಲಿ ಬೌಲರ್ ಓಡಿ ಬರುವ ತುದಿಗಳಿಗೂ ಅದಾನಿ, ರಿಲಯನ್ಸ್ ಎಂದು ಹೆಸರಿಟ್ಟು ಅಧಿಕಾರವನ್ನೂ ಉದ್ಯಮವನ್ನೂ ಒಂದೇ ಅಂಗಳದಲ್ಲಿ ಕೂಡಿಸಿದಿರಿ. ಯಾವ ಪಕ್ಷದ ನಾಯಕರೇ ಇರಲಿ, ಅವರಿಗೆ ರಸ್ತೆ, ಸೇತುವೆ, ವಿಮಾನ ನಿಲ್ದಾಣಗಳಿವೆ. ಆಟಗಾರನಿಗೆ ಇರುವುದು ಮೈದಾನ ಒಂದೇ.

ಆಟಗಾರರಿಗೆ ತಾವು ಧಾರಾಳವಾಗಿ ಕೊಟ್ಟದ್ದು ಸ್ಟ್ಯಾಂಡು, ಗೇಟು. 67 ಟೆಸ್ಟ್ ಆಡಿ 266 ವಿಕೆಟ್ ಪಡೆದ ಬಿಷನ್ ಸಿಂಗ್ ಬೇಡಿಯವರಿಗೆ ದೆಹಲಿಯಲ್ಲಿ ಒಂದು ಸ್ಟ್ಯಾಂಡ್ ಸಿಕ್ಕಿತ್ತು. ಅಂಗಳದಲ್ಲಿ ಜೇಟ್ಲಿಯವರ ಪ್ರತಿಮೆ ನಿಲ್ಲಿಸುವುದನ್ನು ವಿರೋಧಿಸಿ ಬೇಡಿ 2020ರ ಡಿಸೆಂಬರಿನಲ್ಲಿ ದೆಹಲಿ ಕ್ರಿಕೆಟ್ ಸಂಸ್ಥೆಗೆ ಪತ್ರ ಬರೆದು ಸದಸ್ಯತ್ವ ಬಿಟ್ಟರು. ಸ್ಟ್ಯಾಂಡಿನಿಂದ ತಮ್ಮ ಹೆಸರನ್ನೂ ತೆಗೆಯಿರಿ ಎಂದರು. ಹೆಸರಿಗಾಗಿ ಹಾತೊರೆಯುವವರ ನಡುವೆ ಹೆಸರನ್ನೇ ಹಿಂದಿರುಗಿಸಲು ಹೊರಟ ಆ ಸರದಾರರನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ.

ತಾವು ಸರಿಯಾಗಿ ಮಾಡಿದ ಕೆಲಸಗಳೂ ಇವೆ. ಗ್ವಾಲಿಯರಿನಲ್ಲಿ ಹಾಕಿ ಆಟಗಾರ ಕ್ಯಾಪ್ಟನ್ ರೂಪ್ ಸಿಂಗ್ ಅವರ ಹೆಸರಿನ ಮೈದಾನವಿದೆ. ಧ್ಯಾನ್ ಚಂದರ ತಮ್ಮ, ಎರಡು ಒಲಿಂಪಿಕ್ ಚಿನ್ನ ಗೆದ್ದವರು. 2010ರ ಫೆಬ್ರವರಿ 24ರಂದು ಸಚಿನ್ ತೆಂಡೂಲ್ಕರ್ ಪುರುಷರ ಏಕದಿನ ಕ್ರಿಕೆಟ್ಟಿನ ಮೊದಲ ದ್ವಿಶತಕ ಬಾರಿಸಿದ್ದು ಅಲ್ಲೇ. ಆ ಇನಿಂಗ್ಸ್‌ನ ಮಾತು ಬಂದಾಗಲೆಲ್ಲ ಒಬ್ಬ ಹಾಕಿ ಆಟಗಾರನ ಹೆಸರು ಜೊತೆಗೇ ಬರುತ್ತದೆ. ಚಿಲಿಯ ಸ್ಯಾಂಟಿಯಾಗೊದಲ್ಲಿ 1973ರ ಸೈನಿಕ ದಂಗೆಯ ನಂತರ ಗಾಯಕ ವಿಕ್ಟರ್ ಹಾರಾ ಅವರನ್ನು ಒಂದು ಕ್ರೀಡಾಂಗಣದಲ್ಲಿ ಕೂಡಿಹಾಕಿ, ಹಿಂಸಿಸಿ ಕೊಂದರು. 2003ರಲ್ಲಿ ಆ ಅಂಗಣಕ್ಕೆ ಅವರದೇ ಹೆಸರಿಟ್ಟರು. ಯಾರೂ ಮರೆಯಬಾರದ್ದನ್ನು ಮರೆಯದಂತೆ ಕಾಯುವ ಹೆಸರು ಅದು. ಮರಡೋನಾ ತೀರಿಕೊಂಡ ಎರಡು ವಾರದೊಳಗೆ ನೇಪಲ್ಸ್ ತನ್ನ ಸ್ಯಾನ್ ಪಾವ್ಲೊ ಅಂಗಣವನ್ನು ಅವರಿಗೆ ಕೊಟ್ಟಿತು.

ಬೆಂಗಳೂರಿನ ವಿಷಯದಲ್ಲೂ ನನ್ನ ದೂರು ಅರ್ಧವೇ. ಎಂ. ಚಿನ್ನಸ್ವಾಮಿಯವರು ದಶಕಗಳ ಕಾಲ ರಾಜ್ಯ ಕ್ರಿಕೆಟ್ ಸಂಸ್ಥೆಗಾಗಿ ದುಡಿದು, ಆ ಕ್ರೀಡಾಂಗಣ ಎದ್ದು ನಿಲ್ಲಲು ಕಾರಣರಾದವರು. ಕಟ್ಟಿದವರ ಹೆಸರು ಕಟ್ಟಿದ್ದಕ್ಕೆ ಇರಬೇಕು, ಅದನ್ನು ಯಾವ ಕಂಪನಿಗೂ ಮಾರಬೇಡಿ. ಜಟ್ಟಿಯನ್ನೇ ಕೆಡವಿದನೆಂಬ ಪ್ರತೀತಿಯಿರುವ ರಣಧೀರ ಕಂಠೀರವನ ಹೆಸರೂ ಇದೇ ಊರಿನ ಕಂಠೀರವ ಅಂಗಣಕ್ಕೆ ಒಪ್ಪುತ್ತದೆ. ಉಳಿದರ್ಧ ದೂರು ಇಷ್ಟು: ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ ಅವರನ್ನು ಕೊಟ್ಟ ನಾಡಿದು, ಗಣೇಶ್, ಸೋಮಯ್ಯ, ಸುಬ್ಬಯ್ಯ ಅವರಂಥ ಹಾಕಿ ಆಟಗಾರರನ್ನು ಕೊಟ್ಟ ಕೊಡಗು ಇಲ್ಲೇ ಇದೆ. ಜಿಲ್ಲೆ ಜಿಲ್ಲೆಗೂ ಕ್ರೀಡಾಂಗಣ ಕಟ್ಟುವಾಗ ತಮಗೆ ನೆನಪಾಗುವ ಹೆಸರುಗಳಲ್ಲಿ ಇವರು ಏಕಿಲ್ಲ?

ಆದ್ದರಿಂದ ಕೈಮುಗಿದು ಕೇಳುವುದಿಷ್ಟು. ಕ್ರೀಡಾಂಗಣಕ್ಕೆ ಊರಿನ ಹೆಸರಿಡಿ, ಇಲ್ಲವೆ ಅಲ್ಲಿ ಆಡಿದವರದ್ದು, ಇಲ್ಲವೆ ಅದನ್ನು ಕಟ್ಟಿದವರದ್ದು. ಅಧಿಕಾರದಲ್ಲಿರುವವರ ಹೆಸರನ್ನು ಅವರು ಅಧಿಕಾರದಲ್ಲಿರುವಾಗ ಇಡಬೇಡಿ. ಸಾರ್ವಜನಿಕರ ಹಣದಿಂದ ಎದ್ದ ಅಂಗಣದ ಹೆಸರನ್ನು ಸಾರ್ವಜನಿಕರ ಒಪ್ಪಿಗೆಯಿಲ್ಲದೆ ಬದಲಿಸಬೇಡಿ, ಮಾರಬೇಡಿ. ಓದುಗರಲ್ಲೂ ಒಂದು ವಿನಂತಿ: ನಿಮ್ಮ ಊರಿನಲ್ಲಿ ಹೊಸ ಕ್ರೀಡಾಂಗಣದ ಪ್ರಸ್ತಾವ ಬಂದಿದ್ದರೆ, ಬೋರ್ಡು ಏರುವ ಮೊದಲೇ ನಿಮ್ಮ ಊರಿನ ಒಬ್ಬ ಆಟಗಾರ್ತಿ ಅಥವಾ ಆಟಗಾರನ ಹೆಸರು ಬರೆದು ನಗರಸಭೆಗೆ ಅರ್ಜಿ ಕೊಡಿ.

ಇಂತಿ ತಮ್ಮ ವಿಧೇಯ,
ಗ್ಯಾಲರಿಯ ಒಬ್ಬ ಪ್ರೇಕ್ಷಕ