‘ನನ್ನ ಆಯಸ್ಸು ಬೆಳೆದಿಲ್ಲ, ನಿಮ್ಮ ಬೆಟ್ಟವೇ ಗಿಡ್ಡ!’

ವಾತಾವರಣದ ಮೇಲ್ಪದರದಲ್ಲಿ ಹುಟ್ಟುವ ಮ್ಯೂಆನ್ ಎಂಬ ಕಣದ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡು. ‘ಬನ್ನಿ, ಕೂತ್ಕೊಳ್ಳಿ’ ಅನ್ನುವಷ್ಟರಲ್ಲಿ ಲಕ್ಷ ತಲೆಮಾರು ಮುಗಿದಿರುತ್ತದೆ. ಹಾಗಾಗಿ ಉಪಚಾರ ಬಿಟ್ಟು ನೇರ ಪ್ರಶ್ನೆಗೇ ಇಳಿದೆವು.

ಇಷ್ಟು ಅಲ್ಪಾಯುಷಿಯಾದ ತಾವು ನೆಲದವರೆಗೂ ಬಂದಿರಿ. ಗುಟ್ಟೇನು? ಪ್ರಾಣಾಯಾಮವೇ, ಸಿರಿಧಾನ್ಯವೇ?

ಓಟ. ಬೆಳಕಿನ ವೇಗದಲ್ಲಿ ಶೇ. 99.5ರಷ್ಟು.

ಆ ವೇಗದಲ್ಲಿ ಓಡಿದರೂ 2.2 ಮೈಕ್ರೊಸೆಕೆಂಡಿನಲ್ಲಿ 660 ಮೀಟರು ದಾಟುವುದಿಲ್ಲವಲ್ಲ?

ಲೆಕ್ಕ ಬಲ್ಲವರು! ಅಮೆರಿಕದಲ್ಲಿ ಫ್ರಿಶ್ ಮತ್ತು ಸ್ಮಿತ್ ಎಂಬ ಇಬ್ಬರು ಭೌತವಿಜ್ಞಾನಿಗಳಿಗೂ 1960ರ ದಶಕದ ಆರಂಭದಲ್ಲಿ ಇದೇ ಕುತೂಹಲ. ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ, 1,910 ಮೀಟರ್ ಎತ್ತರದಲ್ಲಿ, ಕಬ್ಬಿಣದ ರಾಶಿಯ ಕೆಳಗೆ ಪ್ಲಾಸ್ಟಿಕ್ ತುಂಡೊಂದನ್ನಿಟ್ಟು ಕಾದರು. ನಮ್ಮವರು ಬಂದು ನಿಂತಾಗ ಒಂದು ಮಿಂಚು, ಸತ್ತಾಗ ಇನ್ನೊಂದು. ಗಂಟೆಗೆ 563 ಮಂದಿ. ಆಮೇಲೆ ಸಮುದ್ರಮಟ್ಟದಲ್ಲಿರುವ, ಅಮೆರಿಕದ್ದೇ ಆದ ಕೇಂಬ್ರಿಜ್‌ಗೆ ಇಳಿದು ಎಣಿಸಿದರು. ನಿಮ್ಮ ಗಡಿಯಾರದ ಪ್ರಕಾರ ಅಷ್ಟು ದೂರಕ್ಕೆ 6.4 ಮೈಕ್ರೊಸೆಕೆಂಡು ಬೇಕು. ಹಾಗಾದರೆ ಉಳಿಯಬೇಕಾದವರು ಸುಮಾರು 27. ಉಳಿದವರು 408!

ಅಂದರೆ ಆಯಸ್ಸು ಹತ್ತು ಪಟ್ಟು ಹಿಗ್ಗಿತು.

ಅದು ನಿಮ್ಮೂರಿನ ಮಾತು. ನನ್ನ ಆಯಸ್ಸು ಒಂದಿಷ್ಟೂ ಹಿಗ್ಗಿಲ್ಲ. ನಾನು ಸುಮ್ಮನೆ ನಿಂತಿದ್ದೆ. ಭೂಮಿಯೇ ಎದ್ದುಬಿದ್ದು ಮೇಲಕ್ಕೆ ಬಂತು. ನಡುವಿನ ದೂರ 191 ಮೀಟರು, ಹಿಡಿದ ಹೊತ್ತು 0.64 ಮೈಕ್ರೊಸೆಕೆಂಡು. ಬೆಟ್ಟ ಗಿಡ್ಡವಾದರೆ ಹತ್ತುವವನಿಗೇಕೆ ಸನ್ಮಾನ?

ಆದರೆ ಓಡಿದ್ದು ಭೂಮಿಯೇ ಆದರೆ, ನಿಮ್ಮ ಲೆಕ್ಕಕ್ಕೆ ಭೂಮಿಯ ಗಡಿಯಾರವೇ ನಿಧಾನವಾಗಬೇಕಲ್ಲ. ನಿಧಾನದ ಗಡಿಯಾರ 6.4 ತೋರಿಸಿದ್ದು ಹೇಗೆ?

(ಮ್ಯೂಆನ್‌ಗೆ ಮೊದಲ ಬಾರಿ ಖುಷಿಯಾದಂತಿತ್ತು.) ಈ ಪ್ರಶ್ನೆ ಯಾರೂ ಕೇಳುವುದಿಲ್ಲ! ಶಿಖರದ ಮಟ್ಟದಲ್ಲೊಂದು, ನೆಲದಲ್ಲೊಂದು ಗಡಿಯಾರ ಇಟ್ಟು ಎರಡನ್ನೂ ‘ಒಂದೇ ಸಮಯಕ್ಕೆ’ ಸರಿಮಾಡಿದ್ದೇವೆ ಎನ್ನುತ್ತೀರಿ. ನಿಮಗೆ ಒಂದೇ ಸಮಯ; ನನಗಲ್ಲ. ನಾನು ಮೇಲಿನದನ್ನು ದಾಟಿದ ಕ್ಷಣದಲ್ಲಿ, ನನ್ನ ಲೆಕ್ಕಕ್ಕೆ, ಕೆಳಗಿನದು ಆಗಲೇ 6.3 ಮೈಕ್ರೊಸೆಕೆಂಡು ಮುಂದಿತ್ತು. ನನ್ನ ದಾರಿಯುದ್ದಕ್ಕೂ ಅದು ಕುಂಟುತ್ತಾ ಸೇರಿಸಿದ್ದು ಬರೀ 0.06. ಕೂಡಿ ನೋಡಿ.

ಸುಮಾರು 6.4 ಆಗುತ್ತದೆ... ಹಾಗಾದರೆ ಯಾರದು ನಿಜ?

ಇಬ್ಬರದ್ದೂ. ಕಾರಣಕ್ಕೆ ಜಗಳವಾಡಬಹುದು, ಹಾಜರಿಗೆ ಆಗದು. 408 ಅಂದರೆ ಇಬ್ಬರಿಗೂ 408.

ಕರ್ನಾಟಕದ ನಂಟೇನಾದರೂ?

ಇಲ್ಲದೆ ಏನು! ನಂಜನಗೂಡಿನ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಿಳಿದು ನಮ್ಮವರನ್ನು ಎಣಿಸಿದರು. ಎಲ್ಲರೂ ಚಿನ್ನ ಹುಡುಕುವಲ್ಲಿ ನಮ್ಮನ್ನು ಹುಡುಕಿದ ಪುಣ್ಯಾತ್ಮ.

ಓದುಗರಿಗೆ ಸಂದೇಶ?

ಅಷ್ಟು ಪುರುಸೊತ್ತಿಲ್ಲ. ಒಂದು ಎಲೆಕ್ಟ್ರಾನನ್ನು ಬಿಟ್ಟು ಹೋಗುತ್ತೇನೆ, ಅದನ್ನೇ ಕೇಳಿ. ಎರಡು ನ್ಯೂಟ್ರಿನೊಗಳೂ ಇರುತ್ತವೆ. ಆದರೆ ಅವು ಪತ್ರಕರ್ತರ ಕೈಗೆ ಸಿಗುವ ಪೈಕಿ ಅಲ್ಲ.