ರುಚಿ ನೋಡಿ ದೂರು ಕೊಡಿ

ಬೆಂಗಳೂರಿನಲ್ಲಿ ಮಾಹಿತಿಗೆ ಬರ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕರೆಂಟು ಹೋದರೆ 1912, ನೀರು ಬಾರದಿದ್ದರೆ 1916, ಪಾಲಿಕೆಗೆ 1533. ಇವು ಸಾಲದೆಂದು ಆ್ಯಪ್‌ಗಳಿವೆ, ಪೋರ್ಟಲ್‌ಗಳಿವೆ, ವಾರ್ಡಿಗೊಂದು ವಾಟ್ಸ್‌ಆ್ಯಪ್ ಗುಂಪಿದೆ. ಯಾವ ಕಷ್ಟ ಯಾವ ಇಲಾಖೆಯ ಕಷ್ಟ ಅನ್ನುವ ವಿವೇಕವೊಂದನ್ನು ನಾಗರಿಕರು ತಮ್ಮ ಮನೆಯಿಂದಲೇ ತರಬೇಕು.

ಮನೆಮುಂದಿನ ರಸ್ತೆಯಲ್ಲಿ ಗುಂಡಿ ಬಿದ್ದು ನೀರು ನಿಂತಿದೆ ಅನ್ನಿ. ನಿಮ್ಮ ಕಣ್ಣಿಗೆ ಅದು ಬರೀ ಗುಂಡಿ. ಆಡಳಿತದ ಕಣ್ಣು ಅಷ್ಟು ಮೊಂಡಲ್ಲ. ನಿಂತಿರುವುದು ಮಳೆನೀರಾದರೆ ಪಾಲಿಕೆಗೆ ಸೇರಿದ್ದು. ಒಡೆದ ಪೈಪಿನ ಕಾವೇರಿಯಾದರೆ ಜಲಮಂಡಳಿಗೆ. ಕೇಬಲ್ ಹೂಳಲು ಅಗೆದದ್ದಾದರೆ ವಿದ್ಯುತ್ ಕಂಪನಿಗೆ, ಗ್ಯಾಸ್ ಪೈಪಿಗೆ ಅಗೆದದ್ದಾದರೆ ಗ್ಯಾಸಿನವರಿಗೆ. ಇಂಟರ್‌ನೆಟ್ಟಿನವರು ರಾತ್ರೋರಾತ್ರಿ ಅಗೆದು ಹೋಗಿದ್ದರೆ ಅದು ಯಾರಿಗೂ ಸೇರಿದ್ದಲ್ಲ, ಸ್ವಯಂಭು. ಆದ್ದರಿಂದ ಜವಾಬ್ದಾರಿಯುಳ್ಳ ನಾಗರಿಕರು ಫೋನ್ ಎತ್ತುವ ಮುನ್ನ ಬೊಗಸೆಯಲ್ಲಿ ನೀರೆತ್ತಿ ರುಚಿ ನೋಡಬೇಕು. ಕ್ಲೋರಿನ್ ವಾಸನೆ ಹೊಡೆದರೆ 1916. ಹೊಡೆಯದಿದ್ದರೆ 1533. ಏನೂ ತಿಳಿಯದೆ ಹೊಟ್ಟೆ ಕೆಟ್ಟರೆ 108.

ದೂರು ಕೊಟ್ಟಿರಾ, ನಿಮ್ಮ ಕೆಲಸ ಮುಗಿಯಿತು. ಅವರದೂ ಹೆಚ್ಚುಕಡಿಮೆ ಮುಗಿದ ಹಾಗೆಯೇ. ಊರಿಗೆ ಹೊಸಬರು ಎಡವುವುದು ಇಲ್ಲೇ. ದೂರು ಮುಗಿದರೆ ತೊಂದರೆಯೂ ಮುಗಿಯುತ್ತದೆ ಅಂದುಕೊಂಡಿರುತ್ತಾರೆ, ಪಾಪ. ದೂರಿಗೆ ಗಡುವಿದೆ, ತೊಂದರೆಗೆ ಟೆಂಡರ್ ಆಗಬೇಕು. ಬೀದಿದೀಪ ಉರಿಯುತ್ತಿಲ್ಲ ಅಂತ ಒಬ್ಬರು ಬರೆದರು ಅನ್ನೋಣ. ಸಿಬ್ಬಂದಿ ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪರಿಶೀಲನೆಗೆ ಬರುತ್ತಾರೆ. ಆ ಹೊತ್ತಿಗೆ ಬೀದಿಯ ಯಾವ ದೀಪವೂ ಉರಿಯುತ್ತಿರುವುದಿಲ್ಲ. ‘ಸದರಿ ದೀಪಕ್ಕೂ ಇತರೆ ದೀಪಗಳಿಗೂ ಯಾವುದೇ ವ್ಯತ್ಯಾಸ ಕಂಡುಬಂದಿರುವುದಿಲ್ಲ’ ಎಂದು ಷರಾ ಬರೆದು, ಫೋಟೊ ಲಗತ್ತಿಸಿ, ದೂರು ವಿಲೇವಾರಿ ಮಾಡುತ್ತಾರೆ. ಆ ಷರಾದಲ್ಲಿ ಒಂದಕ್ಷರ ಸುಳ್ಳು ತೋರಿಸಿ ನೋಡೋಣ. 1905ರಲ್ಲೇ ಬೀದಿಗೆ ಕರೆಂಟು ದೀಪ ಹಾಕಿಸಿಕೊಂಡ ಊರಿದು. ಆಗ ಶಿವನಸಮುದ್ರದಿಂದ ವಿದ್ಯುತ್ತೇ ಇಲ್ಲಿಗೆ ಬಂತು. ಈಗ ಉಗ್ರಾಣದಿಂದ ಬಲ್ಬು ಕಂಬದವರೆಗೆ ಬರಬೇಕು, ದಾರಿ ದೂರ.

ದೂರುದಾರರು ಸುಮ್ಮನಿರದೆ ಸಹಾಯವಾಣಿಗೆ ಮತ್ತೆ ಫೋನ್ ಮಾಡುತ್ತಾರೆ.

“ಮೇಡಂ, ದೀಪ ಇನ್ನೂ ಉರೀತಿಲ್ಲ.”

“ನಿಮ್ದು ಪರಿಹಾರ ಆಗಿದೆ ಅಂತ ತೋರಿಸ್ತಿದೆ ಸಾರ್.”

“ಏನು ಪರಿಹಾರ ಆಯ್ತು?”

“ದೂರು, ಸಾರ್.”

ಹಾಗಂತ ತಡ ಮಾಡಿದವರನ್ನು ಕೇಳುವವರಿಲ್ಲ ಅಂತಲ್ಲ. ಸಕಾಲ ಕಾಯ್ದೆಯಿದೆ. 2011ರಲ್ಲಿ ಆದದ್ದು, 2012ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆಲ್ಲ ಬಂದದ್ದು. ಅರ್ಜಿ ಹಾಕಿದವರಿಗೆ ಹದಿನೈದು ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ. ಹೇಳಿದ ದಿನಕ್ಕೆ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ, ಪರಿಹಾರ. ಅದನ್ನು ಪಡೆಯಲು ಮತ್ತೊಂದು ಅರ್ಜಿ ಹಾಕಬೇಕು ಅನ್ನುವುದು ಸಣ್ಣ ಮಾತು. ದೊಡ್ಡ ಮಾತು ಆ ‘ಗರಿಷ್ಠ’ದಲ್ಲಿದೆ. ಐನೂರನ್ನು ಇಪ್ಪತ್ತರಿಂದ ಭಾಗಿಸಿ: ಇಪ್ಪತ್ತೈದು. ಅಂದರೆ ಇಪ್ಪತ್ತೈದು ದಿನ ತಡ ಮಾಡಿದ ಅಧಿಕಾರಿಯ ಸಾಲ ಅಲ್ಲಿಗೆ ಚುಕ್ತಾ. ಇಪ್ಪತ್ತಾರನೆಯ ದಿನದಿಂದ ನಿವೃತ್ತಿಯವರೆಗೆ ವಿಳಂಬ ಪುಕ್ಕಟೆ. ಒಂದು ದಿನ ತಡ ಮಾಡುವವರು ದಡ್ಡರು. ಒಂದು ವರ್ಷ ತಡ ಮಾಡಿದರೆ ದಿನಕ್ಕೆ ಒಂದೂವರೆ ರೂಪಾಯಿಯೂ ಬೀಳುವುದಿಲ್ಲ. ಈ ಊರಿನಲ್ಲಿ ಆ ದರಕ್ಕೆ ಸೈಕಲ್ ನಿಲ್ಲಿಸಲೂ ಜಾಗ ಸಿಗದು, ಫೈಲು ನಿಲ್ಲಿಸಬಹುದು. ಇತ್ತ ನೀವು ಆಸ್ತಿ ತೆರಿಗೆ ಕಟ್ಟುವುದನ್ನು ತಡ ಮಾಡಿ ನೋಡಿ. ಆ ಬಡ್ಡಿಗೆ ಇಪ್ಪತ್ತೈದನೆಯ ದಿನ ಸುಸ್ತಾಗುವುದಿಲ್ಲ.

ಇನ್ನು ಖಾತಾ. ಇಲ್ಲಿ ಆಡಳಿತ ಮುಗಿದು ವೇದಾಂತ ಶುರುವಾಗುತ್ತದೆ. ಎ ಖಾತಾದವರ ಮನೆ ಮನೆಯೇ, ಅದರಲ್ಲಿ ಚರ್ಚೆಯಿಲ್ಲ. ಬಿ ಖಾತಾದವರ ಮನೆಗೂ ಗೋಡೆಯಿದೆ, ತಾರಸಿಯಿದೆ, ಕರೆಂಟು ಬಿಲ್ ಬರುತ್ತದೆ, ಮೇಲಿನ ಮಹಡಿಯಲ್ಲಿ ಬಾಡಿಗೆಯವರು ಕುಟ್ಟುವ ಸದ್ದೂ ಬರುತ್ತದೆ. ತೆರಿಗೆ ವಸೂಲಿಯ ಹೊತ್ತಿಗೆ ಆ ಮನೆ ಇದೆ. ಪ್ಲಾನ್ ಮಂಜೂರಾತಿ ಕೇಳಿದ ಹೊತ್ತಿಗೆ ಇಲ್ಲ. ವ್ಯಾವಹಾರಿಕ ಸತ್ಯ ಬೇರೆ, ಪಾರಮಾರ್ಥಿಕ ಸತ್ಯ ಬೇರೆ ಅಂತ ಲೋಕವನ್ನು ಒಪ್ಪಿಸಲು ಶಂಕರಾಚಾರ್ಯರು ಭಾಷ್ಯದ ಮೇಲೆ ಭಾಷ್ಯ ಬರೆಯಬೇಕಾಯಿತು; ಪಾಲಿಕೆ ಎರಡು ರಿಜಿಸ್ಟರಿನಲ್ಲಿ ಮುಗಿಸಿತು. 2025ರಲ್ಲಿ ಸರ್ಕಾರ ಬಿ ಖಾತಾದವರಿಗೆ ಎ ಖಾತಾ ಕೊಡುವ ಮೋಕ್ಷದ ದಾರಿಯನ್ನೂ ತೆರೆಯಿತು. ಅದು ಜ್ಞಾನಮಾರ್ಗವಲ್ಲ, ಭಕ್ತಿಮಾರ್ಗವೂ ಅಲ್ಲ, ಮಾರ್ಗಸೂಚಿ ದರ. ಅದರ ಮೇಲೆ ಇಂತಿಷ್ಟು ಪಾಲು ಕಟ್ಟಿದರೆ ಮನೆ ಎರಡೂ ಲೋಕದಲ್ಲಿ ಇರುತ್ತದೆ.

2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಯಿಲ್ಲ. ಕ್ರಯಪತ್ರ, ಋಣಭಾರ ಪತ್ರ, ಆಧಾರ್, ಮನೆಯ ಫೋಟೊ ಎಲ್ಲ ಏರಿಸಬೇಕು. ಕ್ರಯಪತ್ರದಲ್ಲಿ ಹೆಸರಿನ ಮುಂದಿದ್ದ ಇನಿಷಿಯಲ್ ಆಧಾರ್‌ನಲ್ಲಿ ಹಿಂದಕ್ಕೆ ಹೋಗಿದ್ದರೆ ನೀವು ಇಬ್ಬರು. ಇಬ್ಬರಲ್ಲಿ ಮನೆ ಯಾರದೆಂದು ಮೊದಲು ನೀವಿಬ್ಬರೂ ಕೂತು ಇತ್ಯರ್ಥ ಮಾಡಿಕೊಂಡು ಬರಬೇಕು.

ಹಿಂದೆ ಇಂಥದ್ದಕ್ಕೆಲ್ಲ ಹೋಗಿ ಬೈದು ಬರಲು ಒಬ್ಬ ಕಾರ್ಪೊರೇಟರ್ ಇರುತ್ತಿದ್ದರು. ಕೆಲಸ ಮಾಡಿಕೊಡುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಬೈಸಿಕೊಳ್ಳುತ್ತಿದ್ದರು, ಅದೇ ಒಂದು ದೊಡ್ಡ ನಾಗರಿಕ ಸೇವೆ. ಮನೆಯೆದುರು ಹೋಗಿ ನಿಂತರೆ ಲುಂಗಿಯಲ್ಲೇ ಹೊರಗೆ ಬಂದು “ಆಯ್ತು ಬಿಡಿ ರಾಯರೇ, ಎಂಜಿನಿಯರಿಗೆ ಹೇಳ್ತೀನಿ” ಅನ್ನುತ್ತಿದ್ದರು. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಮುಂದಿನ ಚುನಾವಣೆಯ ಬದಲು ಮುಂದಿನ ಲೆಕ್ಕ ಶುರುವಾಯಿತು. 198 ವಾರ್ಡ್ ಇದ್ದದ್ದು 243 ಅಂದರು. ಸರ್ಕಾರ ಬದಲಾಯಿತು, 225 ಅಂದರು. ಆಮೇಲೆ ಊರನ್ನೇ ಐದು ಪಾಲಿಕೆಯಾಗಿ ಕೊಯ್ದು, ಮೇಲೊಂದು ಪ್ರಾಧಿಕಾರ ಇಟ್ಟು, 369 ಅಂದರು. ವಾರ್ಡು ಏರಿತು, ಇಳಿಯಿತು, ಮತ್ತೆ ಏರಿತು. ಕಾರ್ಪೊರೇಟರುಗಳ ಸಂಖ್ಯೆ ಮಾತ್ರ ಇಷ್ಟೆಲ್ಲ ಗಾಳಿಗೂ ಅಲುಗಲಿಲ್ಲ: ಸೊನ್ನೆ. 2025ರ ಸೆಪ್ಟೆಂಬರ್ 2ರಂದು ಐದೂ ಪಾಲಿಕೆಗಳು ಹುಟ್ಟಿದಾಗ ಐದಕ್ಕೂ ಆಯುಕ್ತರಿದ್ದರು, ನಾಮಫಲಕವಿತ್ತು. ಬೈಸಿಕೊಳ್ಳಲು ಆಯ್ಕೆಯಾದ ಒಬ್ಬರೂ ಇರಲಿಲ್ಲ.

ಐದು ಮಾಡಿದ್ದು ಆಡಳಿತವನ್ನು ಜನರ ಹತ್ತಿರ ತರಲು ಅಂತೆ. ಹತ್ತಿರವೇನೋ ಬಂತು. ಗಡಿ ಹಾದುಹೋಗುವ ರಸ್ತೆಯಲ್ಲಂತೂ ಎರಡು ಪಾಲಿಕೆ ಎದುರುಬದುರು ಮನೆಗಳಷ್ಟು ಹತ್ತಿರ. ಈ ಕಡೆಯ ಫುಟ್‌ಪಾತಿನಲ್ಲಿ ಮಲಗುವ ನಾಯಿ ಆ ಕಡೆಯವರನ್ನು ಕಚ್ಚಿದರೆ ಅಂತರ್‌ಪಾಲಿಕೆ ವಿವಾದವಾಗಿ ಪ್ರಾಧಿಕಾರದ ಮುಂದೆ ಹೋಗಬೇಕಾದೀತು. ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿಗಳು. ನಾಯಿ ಕಾಯಬೇಕು.

ಇನ್ನು ನೀರು. ಅಂಕಿಸಂಖ್ಯೆ ಕೇಳಿ, ಎಷ್ಟು ಬೇಕಾದರೂ ಸಿಗುತ್ತದೆ. ತೊರೆಕಾಡನಹಳ್ಳಿ ಊರಿಂದ ಸುಮಾರು ನೂರು ಕಿಲೊಮೀಟರ್. ಅಲ್ಲಿಂದ ಕಾವೇರಿಯನ್ನು ಅರ್ಧ ಕಿಲೊಮೀಟರಿನಷ್ಟು ಮೇಲಕ್ಕೆ ಪಂಪು ಮಾಡಿ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್, 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗಾಗಿ. ಎಲ್ಲ ನಿಜ, ಹೆಮ್ಮೆಯ ವಿಷಯವೂ ಹೌದು. ಆದರೆ ಸಂಪಿನ ಮುಚ್ಚಳ ತೆಗೆದು ತಳ ನೋಡುತ್ತಾ ನಿಂತವರಿಗೆ 77.5 ಕೋಟಿ ಲೀಟರ್ ಬೇಡ. ನಾಳೆ ಎಷ್ಟು ಹೊತ್ತಿಗೆ ಅಂತ ಹೇಳಿದರೆ ಸಾಕು.

ಅದು ಗೊತ್ತಿರುವುದು ಒಬ್ಬರಿಗೆ. ನಮ್ಮ ಬೀದಿಗೆ ನೀರು ಬಿಡುವವರು. ಸ್ಕೂಟರಿನ ಮಗ್ಗುಲಿಗೆ ಉದ್ದನೆಯ ವಾಲ್ವ್ ಕೀಲಿ ಕಟ್ಟಿಕೊಂಡು ನಸುಕಿನಲ್ಲಿ ಓಡಾಡುತ್ತಾರೆ. ಯಾವ ನಾಗರಿಕ ಸನ್ನದಿನಲ್ಲೂ ಅವರ ಹೆಸರಿಲ್ಲ.

“ಅಣ್ಣಾ, ನಾಳೆ ನೀರು ಬರತ್ತಾ?”

“ಬೆಳಿಗ್ಗೆ ಮೂರಕ್ಕೆ ಬಿಡ್ತೀನಕ್ಕಾ. ಒಂದೂವರೆ ಗಂಟೆ ಬರತ್ತೆ. ಸಂಪು ತುಂಬ್ಸಿಟ್ಕೊಳ್ಳಿ, ಗುರುವಾರ ಪಂಪ್‌ಹೌಸಲ್ಲಿ ಕೆಲಸ ಐತೆ.”

ಮೂರಕ್ಕೆ ಅಂದರೆ ಮೂರಕ್ಕೆ. ಟೋಕನ್ ಇಲ್ಲ, ಒಟಿಪಿ ಇಲ್ಲ, ಸರ್ವರ್ ಡೌನ್ ಇಲ್ಲ. ಯುಗಾದಿಗೆ, ದೀಪಾವಳಿಗೆ ಬೀದಿಯವರು ಕೈಗಿಡುವುದನ್ನು ಜೇಬಿಗಿಳಿಸುತ್ತಾರೆ. ಅದಕ್ಕೆ ರಸೀದಿಯೂ ಇಲ್ಲ. ಬೀದಿಯ ಹೆಂಗಸರಿಗೆ ಅವರ ನಂಬರು ಗಂಡನ ನಂಬರಿಗಿಂತ ಚೆನ್ನಾಗಿ ಬಾಯಿಪಾಠ. ದಯವಿಟ್ಟು ಅದನ್ನು ನನ್ನ ಹತ್ತಿರ ಕೇಳಬೇಡಿ. ಕೊಟ್ಟರೆ ನೀವು ನಾಲ್ಕು ಜನಕ್ಕೆ ಕೊಡುತ್ತೀರಿ, ಅವರು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಯಾರೋ ಅದನ್ನು ಅಧಿಕೃತ ಸಹಾಯವಾಣಿ ಮಾಡಿಬಿಡುತ್ತಾರೆ. ಆಮೇಲೆ ಆ ಮನುಷ್ಯನೂ ಫೋನ್ ತೆಗೆಯುವುದನ್ನು ನಿಲ್ಲಿಸುತ್ತಾನೆ.