ಅತ್ತೆಯವರ ಟೆಸ್ಟ್ ಡ್ರೈವ್

"ಅಮ್ಮಾ, ಒಂದು ವೋಲ್ವೋ ತಗೊಳ್ಳೋಣ ಅಂತಿದ್ದೀನಿ" ಎಂದು ನನ್ನ ಭಾವಮೈದ ಊಟದ ನಡುವೆ ಘೋಷಿಸಿದಾಗ ನಮ್ಮ ಅತ್ತೆಯವರು ತಲೆ ಎತ್ತದೆ ಕೇಳಿದ್ದು ಒಂದೇ ಪ್ರಶ್ನೆ: "ಯಾವ ರೂಟಿಗೋ?"

ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ಕರ್ನಾಟಕದಲ್ಲಿ ವೋಲ್ವೋ ಅಂದರೆ ಐರಾವತ ಬಸ್ಸು. ಏಸಿ, ಹಿಂದಕ್ಕೆ ಬಾಗುವ ಸೀಟು. ಬಸ್ಸು ಮಾಡುವ ವೋಲ್ವೋ ಬೇರೆ, ಕಾರು ಮಾಡುವ ವೋಲ್ವೋ ಬೇರೆ, ಕಾರಿನದ್ದು 1999ರಲ್ಲೇ ಫೋರ್ಡ್ ಪಾಲಾಗಿ 2010ರಲ್ಲಿ ಚೀನಾದ ಗೀಲಿ ಕಂಪನಿಯ ಕೈಸೇರಿತು ಎಂದು ನಾನು ವಿವರಿಸಿದೆ. ಅತ್ತೆಗೆ ತಕ್ಷಣ ಅರ್ಥವಾಯಿತು. "ಅಣ್ಣತಮ್ಮಂದಿರು ಪಾಲಾದ್ರೂ ಮನೆ ಹೆಸರು ಇಬ್ರೂ ಇಟ್ಕೊಂಡಿದ್ದಾರೆ ಅನ್ನಿ" ಎಂದು ಮಜ್ಜಿಗೆ ಬಡಿಸಿಕೊಂಡರು.

ಗಾಡಿಯ ಹೆಸರು ಎಕ್ಸ್‌ಸಿ40 ರೀಚಾರ್ಜ್, ಬ್ಯಾಟರಿಯಲ್ಲಿ ಓಡುವಂಥದ್ದು. ಈಗ ಅದನ್ನೇ ಇಎಕ್ಸ್40 ಅನ್ನುತ್ತಾರೆ. ಜಾತಿ: ಕಾಂಪ್ಯಾಕ್ಟ್ ಲಕ್ಷುರಿ ಕ್ರಾಸ್‌ಓವರ್. ಬಿಎಂಡಬ್ಲ್ಯು ಎಕ್ಸ್1, ಆಡಿ ಕ್ಯೂ3, ಮರ್ಸಿಡಿಸ್ ಜಿಎಲ್‌ಎ, ಎಲ್ಲ ಇದೇ ಪಂಕ್ತಿಯವು. ಈ 'ಕಾಂಪ್ಯಾಕ್ಟ್' ನಾಲ್ಕೂವರೆ ಮೀಟರಿಗೆ ತುಸು ಕಡಿಮೆ ಉದ್ದ, ಎರಡು ಟನ್ನಿಗೂ ಮಿಕ್ಕಿದ ತೂಕ. ನಾಲ್ಕು ಮೀಟರಿನೊಳಗಿದ್ದರೆ ತೆರಿಗೆ ಕಡಿಮೆ ಎಂದು ಕಾರಿನ ಬಾಲವನ್ನೇ ಕತ್ತರಿಸಿಕೊಂಡ ದೇಶ ನಮ್ಮದು. ನಮ್ಮ ಬೀದಿಯಲ್ಲಿ ಇದು ತಿರುಗಿದರೆ ಸೊಪ್ಪಿನ ಗಾಡಿಯವನು ಒಂದು ಮನೆ ಹಿಂದೆ ಸರಿಯಬೇಕು. 2022ರಲ್ಲಿ ಇಲ್ಲಿ ಬಿಡುಗಡೆಯಾದಾಗಿನ ಬೆಲೆ, ಶೋರೂಮ್ ಹೊಸ್ತಿಲೊಳಗೇ, 55.90 ಲಕ್ಷ. ಕಂಪನಿ ಸ್ವೀಡನ್ನಿನ ಗೋಥೆನ್‌ಬರ್ಗಿನದು, ಗಾಡಿ ಜೋಡಿಸುವುದು ಮಾತ್ರ ನಮ್ಮ ಹೊಸಕೋಟೆಯಲ್ಲಿ. ಹೊಸಕೋಟೆ ಎಂದರೆ ಬೆಳಗಿನ ಜಾವದ ಬಿರಿಯಾನಿ ಕ್ಯೂ ಮಾತ್ರ ಗೊತ್ತಿದ್ದ ಭಾವಮೈದನಿಗೆ ಇದು ದೈವಸಂಕಲ್ಪವಾಗಿ ಕಂಡಿತು. ಟೆಸ್ಟ್ ಡ್ರೈವನ್ನೂ ಅದೇ ದಿಕ್ಕಿಗೆ ಇಟ್ಟುಕೊಂಡ.

ಶೋರೂಮಿನ ಹುಡುಗ ಅಂಕಿಗಳನ್ನು ಸಂಧ್ಯಾವಂದನೆಯಂತೆ ಒಪ್ಪಿಸಿದ. ಎರಡು ಮೋಟಾರು, 408 ಅಶ್ವಶಕ್ತಿ, ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ 4.9 ಸೆಕೆಂಡು. ಹತ್ತು ಮಾರುತಿ 800ಗಳನ್ನು ಒಟ್ಟಿಗೆ ಕಟ್ಟಿದರೂ ಇದಕ್ಕೆ ಸಾಟಿಯಾಗದು. ಇಷ್ಟೆಲ್ಲ ಕುದುರೆಗಳನ್ನು ಕಟ್ಟಿಕೊಂಡು ನಾವು ಟಿನ್ ಫ್ಯಾಕ್ಟರಿ ಹತ್ತಿರ ಒಂದು ನೀರಿನ ಟ್ಯಾಂಕರಿನ ಹಿಂದೆ ನಿಂತೆವು. ನಮ್ಮನ್ನು ದಾಟಿ ಹೋದವರಲ್ಲಿ ಒಬ್ಬ ಎಳನೀರು ಸೈಕಲ್ಲಿನವನೂ ಇದ್ದ.

ಆದರೆ ನಿಜ ಹೇಳಬೇಕು, ಗಾಡಿಯ ಗುಣ ನನಗೆ ಗೊತ್ತಾದದ್ದು ಅಲ್ಲೇ. ಇದಕ್ಕೆ ಸ್ಟಾರ್ಟ್ ಬಟನ್ನೇ ಇಲ್ಲ. ಸೀಟಿನ ಮೇಲೆ ಕೂತರೆ ಗಾಡಿಗೆ ತಿಳಿಯುತ್ತದೆ. ಗೇರು ಡಿ ಗೆ ಹಾಕಿ ಹೊರಡುವುದಷ್ಟೇ. ಕಾಲು ಎತ್ತಿದರೆ ವೇಗ ತಾನೇ ಇಳಿದು ಗಾಡಿ ನಿಲ್ಲುತ್ತದೆ, ಉಳಿದ ಓಟದ ಶಕ್ತಿ ಮೋಟಾರಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಕ್ಲಚ್ಚು ತುಳಿದು ತುಳಿದು ಎಡ ಮೊಣಕಾಲು ಸವೆಸಿಕೊಂಡ ನನ್ನ ತಲೆಮಾರಿಗೆ 4.9 ಸೆಕೆಂಡಿಗಿಂತ ಇದೇ ದೊಡ್ಡ ವರ. ಎಂಜಿನ್ನಿನ ಸದ್ದೂ ಇಲ್ಲ. ಇದು ಅತ್ತೆಗೆ ಹಿಡಿಸಲಿಲ್ಲ. "ಇಷ್ಟು ದುಡ್ಡು ಕೊಟ್ಟು ತಂದಿದ್ದು, ಮನೆ ಮುಂದೆ ಬಂದ್ರೆ ಪಕ್ಕದ ಮನೆಯವರಿಗೆ ಕೇಳಿಸಬೇಡ್ವೇನೋ?"

ಹೈವೇ ಸಿಕ್ಕಿದ ಮೇಲೆ ಭಾವಮೈದ ಬೆಂಗಳೂರಿಗರ ಕುಲಾಚಾರದಂತೆ ಇಂಡಿಕೇಟರ್ ಹಾಕದೆ ಬಿಳಿಗೆರೆ ದಾಟಿದ. ಸ್ಟೀರಿಂಗು ಮೆಲ್ಲಗೆ ಅವನ ಕೈಯನ್ನು ಹಿಂದಕ್ಕೆ ಎಳೆಯಿತು. ಮತ್ತೆ ದಾಟಿದ, ಮತ್ತೆ ಎಳೆಯಿತು. "ಯಾರೋ ಅದು ಎಳೀತಿರೋದು?" ಎಂದು ಅತ್ತೆ ಹಿಂದಿನಿಂದ ಕೇಳಿದರು. ಗೆರೆ ಅಳಿಸಿಹೋದ ಕಡೆ ಮಾತ್ರ ಗಾಡಿ ಸುಮ್ಮನಾಯಿತು. ಹಿಡಿದುಕೊಳ್ಳಲು ಗೆರೆಯೇ ಇಲ್ಲದಿದ್ದರೆ ಅದಾದರೂ ಏನು ಮಾಡೀತು?

ಅಡ್ಡ ಬಂದ ಮನುಷ್ಯ, ಸೈಕಲ್ಲು, ದೊಡ್ಡ ಪ್ರಾಣಿಗಳನ್ನೂ ಈ ಕಂಪನಿಯ ಗಾಡಿಗಳು ಗುರುತಿಸಿ ತಾವೇ ಬ್ರೇಕು ಹಾಕಬಲ್ಲವು. ಪ್ರಾಣಿ ಗುರುತಿಸುವುದು ಸ್ವೀಡನ್ನಿನ ಕಾಡಿನ ಮೂಸ್ ಎಂಬ ದೊಡ್ಡ ಜಿಂಕೆಗಳಿಗಾಗಿ ಕಲಿಸಿದ ವಿದ್ಯೆ. ಆಸ್ಟ್ರೇಲಿಯದಲ್ಲಿ ಪರೀಕ್ಷಿಸುವಾಗ ಕಾಂಗರೂಗಳು ಇದನ್ನು ಕಕ್ಕಾಬಿಕ್ಕಿ ಮಾಡಿದವಂತೆ: ಗಾಳಿಯಲ್ಲಿ ನೆಗೆದಾಗ ದೂರದಲ್ಲಿರುವಂತೆ, ನೆಲಕ್ಕಿಳಿದಾಗ ಹತ್ತಿರದಲ್ಲಿರುವಂತೆ ಲೆಕ್ಕ ತಪ್ಪಿತೆಂದು 2017ರಲ್ಲಿ ಕಂಪನಿಯವರೇ ಒಪ್ಪಿಕೊಂಡಿದ್ದರು. ನಮ್ಮ ಹಸುಗಳು ಆ ಮಟ್ಟಿಗೆ ಉಪಕಾರಿಗಳು. ಡಿವೈಡರ್ ಪಕ್ಕ ಮಲಗಿದರೆ ಸಾಯಂಕಾಲದವರೆಗೆ ಏಳುವುದಿಲ್ಲ.

ಆರಾಮದ ವಿಷಯದಲ್ಲಿ ಅತ್ತೆಯ ತೀರ್ಪನ್ನು ನಾನು ಯಾವ ಪರಿಣತನ ಮಾತಿಗಿಂತಲೂ ಮೇಲೆ ಇಡುತ್ತೇನೆ. ಕ್ರಾಸ್‌ಓವರ್ ಎಂಬ ತಳಿ ಜಗತ್ತಿನಲ್ಲಿ ಯಾಕೆ ಗೆದ್ದಿತು ಎಂದರೆ ಎಂಜಿನ್ನಿಗಾಗಿ ಅಲ್ಲ, ಮಂಡಿಗಾಗಿ. ಸೆಡಾನಿಗೆ ಬಗ್ಗಿ ಇಳಿಯಬೇಕು, ಸುಮೋಗೆ ಹತ್ತಬೇಕು. ಇದರಲ್ಲಿ ಹಾಗೇ ಕೂತರೆ ಆಯಿತು. ಅತ್ತೆ ಕೂತರು, ಎದ್ದರು, ಮತ್ತೆ ಕೂತರು. "ಮಂಡಿ ಒಪ್ಪಿತು" ಎಂದರು. ಮುಂದಿನ ಸೀಟುಗಳ ನಡುವೆ ಕಸಕ್ಕೆಂದು ಎತ್ತಿ ತೆಗೆಯುವ ಪುಟ್ಟ ಡಬ್ಬಿ ಇದೆ; ಹೊಸಕೋಟೆ ಮುಟ್ಟುವುದರೊಳಗೆ ಅದು ಕಡಲೆಕಾಯಿ ಸಿಪ್ಪೆಯಿಂದ ತುಂಬಿ, ಹುಡುಗನ ಮುಖ ಸಣ್ಣದಾಯಿತು. ಹಿಂದಿನ ಸೀಟಿನ ನಡುವೆ ಕೂತವನ ಕಾಲಿನ ಕೆಳಗೆ ಮಾತ್ರ ಒಂದು ದಿಣ್ಣೆ. ಅಲ್ಲಿ ಕೂರುವುದು ಅಳಿಯನ ಹಕ್ಕು ಎಂದು ತೀರ್ಮಾನವಾಗಿತ್ತು.

ಕೊನೆಗೆ ಸುರಕ್ಷತೆ. ಯುರೋಪಿನ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಎಕ್ಸ್‌ಸಿ40ಕ್ಕೆ 2018ರಲ್ಲಿ ಐದು ನಕ್ಷತ್ರ. "ಯಾವ್ಯಾವ ನಕ್ಷತ್ರ?" ಎಂದು ಅತ್ತೆ ಕೇಳಿ, ಉತ್ತರಕ್ಕೆ ಕಾಯದೆ ಡ್ಯಾಶ್‌ಬೋರ್ಡಿನ ಎಡಗಡೆ ಬೆರಳಿಟ್ಟು "ಗಣಪತಿ ಇಲ್ಲಿ" ಎಂದರು. ಅದರ ಕೆಳಗೇ ಏರ್‌ಬ್ಯಾಗ್ ಇದೆ, ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುತ್ತದೆ, ಗಣಪತಿ ನೇರ ನಿಮ್ಮ ಮುಖಕ್ಕೇ ಬರುತ್ತಾನೆ ಎಂದೆ. "ಬರಲಿ ಬಿಡಿ. ಕರೆದಾಗ ಬರದೋನು ಹಾಗಾದ್ರೂ ಬರಲಿ."

ಈ ಕಂಪನಿ ಜಗತ್ತಿಗೆ ಕೊಟ್ಟ ದೊಡ್ಡ ವಸ್ತು ಬ್ಯಾಟರಿಯೂ ಅಲ್ಲ, ಕ್ಯಾಮೆರಾವೂ ಅಲ್ಲ. ನಿಲ್ಸ್ ಬೋಲಿನ್ ಎಂಬ ಎಂಜಿನಿಯರು, ಮೊದಲು ಯುದ್ಧವಿಮಾನದಿಂದ ಪೈಲಟ್‌ನನ್ನು ಹೊರಗೆ ಎಸೆಯುವ ಸೀಟು ಮಾಡುತ್ತಿದ್ದವರು, ಇಲ್ಲಿಗೆ ಬಂದು ಮನುಷ್ಯನನ್ನು ಒಳಗೇ ಹಿಡಿದಿಡುವ ಮೂರು ಬಿಂದುವಿನ ಸೀಟ್ ಬೆಲ್ಟ್ ಮಾಡಿದರು. ಅದು 1959. ಕಂಪನಿ ಆ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಹಾಗಾಗಿ 55 ಲಕ್ಷದ ಗಾಡಿಯ ಅತಿ ಒಳ್ಳೆಯ ಭಾಗ ನನ್ನ ಹಳೇ ಕಾರಿನಲ್ಲೂ ಇದೆ. ಆದರೆ ನಾವು ಯಾರು? ಬೆಲ್ಟ್ ಹಾಕದಿದ್ದರೂ ಎಚ್ಚರಿಕೆಯ ಸದ್ದು ಬಾರದಿರಲೆಂದು ಬರೀ ಕ್ಲಿಪ್ ಕೊಂಡು ಸಿಕ್ಕಿಸುವವರು. ಅದನ್ನು ಮಾರಬೇಡಿ ಎಂದು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆನ್‌ಲೈನ್ ಅಂಗಡಿಗಳಿಗೆ ಆದೇಶ ಹೊರಡಿಸಬೇಕಾಯಿತು.

ಭಾವಮೈದ ಗಾಡಿ ಬುಕ್ ಮಾಡಿದ. ಬರುವ ಮೊದಲೇ ಸೀಟ್ ಕವರ್ ಹೊಲಿಸಲು ಅಳತೆ ವಿಚಾರಿಸುತ್ತಿದ್ದ. ಪಕ್ಕದ ಏರ್‌ಬ್ಯಾಗು ಸೀಟಿನ ಅಂಚಿನಿಂದಲೇ ಹೊರಬರಬೇಕು, ಕವರ್ ಹೊಲಿದರೆ ಅದಕ್ಕೇ ಅಡ್ಡಿ ಎಂದು ಹೇಳಿ ತಡೆದಿದ್ದೇನೆ. ನಿಮಗೂ ಒಂದು ಮಾತು. ನಿಮ್ಮದು ಯಾವ ಕಾರಾದರೂ ಸರಿ, ಹಿಂದಿನ ಸೀಟಿನ ಬೆಲ್ಟಿನ ಬಕಲ್ ಕವರಿನ ಕೆಳಗೆ, ಸೀಟಿನ ಸಂದಿನಲ್ಲಿ ಹೂತುಹೋಗಿರುತ್ತದೆ. ಈ ಭಾನುವಾರ ಕೈಹಾಕಿ ಹೊರಗೆ ತೆಗೆದಿಡಿ. ನಮ್ಮ ಅತ್ತೆ ಯಾವಾಗ ಬೇಕಾದರೂ ನಿಮ್ಮ ಗಾಡಿ ಹತ್ತಿಯಾರು.